ಬಸುರಿ, ಬಾಣಂತಿ ಮತ್ತು ಮಧುಮೇಹ

ಬಸುರಿಯ ರಕ್ತದಲ್ಲಿ ಸಕ್ಕರೆ ಮಿತಿ ಮೀರುವುದಕ್ಕೆ ಎರಡು ಹಿನ್ನೆಲೆಗಳಿವೆ. ಮೊದಲೇ ಮಧುಮೇಹವಿದ್ದ ಹೆಣ್ಣು ಗರ್ಭ ಧರಿಸುವುದು ಒಂದು. ಅಲ್ಲಿಯವರೆಗೆ ಆರೋಗ್ಯವಾಗಿದ್ದವಳಲ್ಲಿ ಬಸಿರಿನ ನಡುವೆ ಸಕ್ಕರೆ ಏರುವುದು ಇನ್ನೊಂದು. ಇದಕ್ಕೆ ಗರ್ಭಾವಸ್ಥೆಯ ಮಧುಮೇಹ ಎಂದು ಹೆಸರು. ವೈದ್ಯರು ಚೀಟಿಯಲ್ಲಿ ಜಿಡಿಎಂ ಎಂದು ಬರೆಯುತ್ತಾರೆ, ಮನೆಯವರು ‘ಬಸಿರಿನಲ್ಲಿ ಶುಗರ್ ಬಂತು’ ಎನ್ನುತ್ತಾರೆ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಲ್ಲಿ ಜಗತ್ತಿನ ಪ್ರತಿ ಆರು ಹೆರಿಗೆಗಳಲ್ಲಿ ಸುಮಾರು ಒಂದಕ್ಕೆ ಇವೆರಡರಲ್ಲಿ ಯಾವುದಾದರೊಂದರ ನಂಟಿತ್ತು. ಹೆಚ್ಚಿನ ಪಾಲು ಎರಡನೆಯ ಬಗೆಯದು. ಭಾರತದಲ್ಲಿ ಪ್ರಮಾಣ ಊರಿನಿಂದ ಊರಿಗೆ ಬದಲಾಗುತ್ತದೆ. 2004ರಲ್ಲಿ ಪ್ರಕಟವಾದ ಕಾಶ್ಮೀರದ ಅಧ್ಯಯನದಲ್ಲಿ ಅದು ಶೇ. 3.8, 2008ರಲ್ಲಿ ಪ್ರಕಟವಾದ ತಮಿಳುನಾಡಿನ ಅಧ್ಯಯನದಲ್ಲಿ ನಗರದಲ್ಲಿ ಶೇ. 17.8, ಹಳ್ಳಿಯಲ್ಲಿ ಶೇ. 9.9.

ಹೆರಿಗೆಯಾದ ಕೂಡಲೇ ಈ ಎರಡನೆಯ ಬಗೆಯ ಸಕ್ಕರೆ ಬಹುತೇಕರಲ್ಲಿ ಇಳಿದುಬಿಡುತ್ತದೆ. ಹಾಗಾಗಿ ಅದನ್ನು ಒಂಬತ್ತು ತಿಂಗಳ ಕಾಯಿಲೆಯೆಂದು ಎಣಿಸಿ, ಮಗು ಮಡಿಲಿಗೆ ಬಂದ ಮೇಲೆ ಮರೆಯುವುದು ವಾಡಿಕೆಯಾಗಿದೆ. ಈ ಮರೆವಿನ ಬೆಲೆಯನ್ನು ತಾಯಿ ಐದಾರು ವರ್ಷದೊಳಗೆ ತೆರುವುದುಂಟು, ಕೆಲವೊಮ್ಮೆ ಮಗುವೂ ತೆರುತ್ತದೆ. ಅದನ್ನು ಜಗತ್ತಿಗೆ ಅಂಕಿಗಳಲ್ಲಿ ತೋರಿಸಿಕೊಟ್ಟ ಊರುಗಳಲ್ಲಿ ಮೈಸೂರೂ ಒಂದು.

ಮಾಸು ಮಾಡುವ ಕೆಲಸ

ಬಸಿರಿನಲ್ಲಿ ಸಕ್ಕರೆ ಏರುವುದಕ್ಕೆ ಸಿಹಿ ತಿಂದದ್ದೇ ಕಾರಣವೆಂಬ ನಂಬಿಕೆ ಬಲವಾಗಿದೆ. ಸೊಸೆ ಬಯಕೆಗೆ ಹೋಳಿಗೆ ತಿಂದಳೆಂದು ಅತ್ತೆ, ಮಗಳಿಗೆ ಮಾವಿನಹಣ್ಣು ಕೊಟ್ಟೆನೆಂದು ತಾಯಿ ಕೊರಗುವುದನ್ನು ಕಾಣುತ್ತೇವೆ. ನಿಜವಾದ ಕಾರಣ ಇರುವುದು ಮಾಸಿನಲ್ಲಿ. ಊಟವಾದ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯೆಲ್ಲ ತಾಯಿಯ ಸ್ನಾಯುಗಳಿಗೇ ಬೇಗ ಸೇರಿಹೋದರೆ ಬೆಳೆಯುವ ಮಗುವಿಗೆ ಪಾಲು ಕಡಿಮೆಯಾಗುತ್ತದೆ. ಅದಕ್ಕಾಗಿ ಮಾಸು ಪ್ಲಾಸೆಂಟಲ್ ಲ್ಯಾಕ್ಟೋಜನ್ ಮುಂತಾದ ಹಾರ್ಮೋನುಗಳನ್ನು ಸ್ರವಿಸಿ, ತಾಯಿಯ ದೇಹ ಇನ್ಸುಲಿನ್ನಿನ ಮಾತಿಗೆ ಸುಲಭವಾಗಿ ಬಗ್ಗದಂತೆ ಮಾಡುತ್ತದೆ. ಐದನೇ ತಿಂಗಳಿಂದ ಈ ಬಿಗಿ ಹೆಚ್ಚುತ್ತಾ ಹೋಗುತ್ತದೆ. ಆಗ ಎಲ್ಲ ಬಸುರಿಯರ ಮೇದೋಜೀರಕ ಗ್ರಂಥಿಯೂ ಮಾಮೂಲಿಗಿಂತ ಎರಡು-ಮೂರು ಪಟ್ಟು ಇನ್ಸುಲಿನ್ ಒದಗಿಸಬೇಕಾಗುತ್ತದೆ. ಒದಗಿಸಲು ಆಗದವರಲ್ಲಿ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಅಂದರೆ ಬಸಿರು ಆ ಗ್ರಂಥಿಯ ತಾಕತ್ತನ್ನು ಇಪ್ಪತ್ತು-ಮೂವತ್ತರ ಹರೆಯದಲ್ಲೇ ಒರೆಗೆ ಹಚ್ಚಿ, ನಲವತ್ತು-ಐವತ್ತರಲ್ಲಿ ಕಾಣಬೇಕಿದ್ದ ಕೊರತೆಯನ್ನು ಮುಂಚಿತವಾಗಿ ತೋರಿಸಿಬಿಡುತ್ತದೆ. ಮನೆತನದಲ್ಲಿ ಸಕ್ಕರೆ ಕಾಯಿಲೆ, ಹೆಚ್ಚಿದ ತೂಕ, ಮೂವತ್ತು ದಾಟಿದ ವಯಸ್ಸು, ಅಂಡಾಶಯದ ತೊಂದರೆಯಾದ ಪಿಸಿಓಡಿ, ಹಿಂದೆ ತೂಕದ ಮಗು ಹೆತ್ತದ್ದು ಅಥವಾ ಹೊಟ್ಟೆಯಲ್ಲೇ ಮಗು ತೀರಿಕೊಂಡದ್ದು, ಇವೆಲ್ಲ ಸಂಭವವನ್ನು ಹೆಚ್ಚಿಸುತ್ತವೆ. ಇವು ಯಾವುವೂ ಇಲ್ಲದ ತೆಳ್ಳನೆಯ ಹುಡುಗಿಯಲ್ಲೂ ಬರುತ್ತದೆ.

ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬರುವ ಸಕ್ಕರೆಯನ್ನು ಅರಗಿಸಲು ಮಗು ತನ್ನದೇ ಇನ್ಸುಲಿನ್ನನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಹೊಟ್ಟೆಯೊಳಗಿನ ಮಗುವಿಗೆ ಇನ್ಸುಲಿನ್ ಎಂದರೆ ಬೆಳವಣಿಗೆಯ ಗೊಬ್ಬರವಿದ್ದಂತೆ: ಕೊಬ್ಬು ಸೇರುತ್ತದೆ, ಭುಜ-ಹೊಟ್ಟೆ ದಪ್ಪವಾಗುತ್ತವೆ. ಕೋಪನ್‌ಹೇಗನ್‌ನ ವೈದ್ಯ ಯೋರ್ಗೆನ್ ಪೀಡರ್‌ಸನ್ 1952ರಲ್ಲಿ ಮಂಡಿಸಿದ ಈ ವಿವರಣೆ ಇಂದಿಗೂ ಚಿಕಿತ್ಸೆಯ ತಳಹದಿಯಾಗಿದೆ.

ಇನ್ನೂರು ವರ್ಷದ ದಾರಿ

ಬಸಿರಿನಲ್ಲಿ ಬಂದು ಹೆರಿಗೆಯ ನಂತರ ಮಾಯವಾದ ಮಧುಮೇಹವನ್ನು ಮೊದಲು ದಾಖಲಿಸಿದ್ದು ಬರ್ಲಿನ್ನಿನ ಹೈನ್‌ರಿಖ್ ಬೆನೆವಿಟ್ಸ್, 1824ರ ತನ್ನ ಪ್ರಬಂಧದಲ್ಲಿ. ಅದರಲ್ಲಿ ವಿವರಿಸಿದ ಬಸುರಿಗೆ ಹುಟ್ಟಿದ ಮಗು ಹನ್ನೆರಡು ಪೌಂಡ್ ತೂಗುತ್ತಿತ್ತು, ಉಳಿಯಲಿಲ್ಲ. ಇನ್ಸುಲಿನ್ ಸಿಗುವವರೆಗೆ, ಅಂದರೆ 1921-22ರ ಟೊರಾಂಟೊ ಪ್ರಯೋಗಗಳವರೆಗೆ, ಮಧುಮೇಹವಿದ್ದವರು ಬಸುರಿಯಾಗುವುದೇ ಅಪರೂಪ. ಬಸುರಿಯಾದರೂ ತಾಯಿ ಮಗು ಇಬ್ಬರ ಜೀವಕ್ಕೂ ಭರವಸೆಯಿರಲಿಲ್ಲ. ಇನ್ಸುಲಿನ್ ಬಂದ ಮೇಲೆ ತಾಯಂದಿರು ಉಳಿದರು, ಮಕ್ಕಳನ್ನು ಉಳಿಸಲು ಇನ್ನೂ ದಶಕಗಳು ಬೇಕಾದವು. ಬೋಸ್ಟನ್ನಿನ ಜೋಸ್ಲಿನ್ ಕ್ಲಿನಿಕ್ಕಿನಲ್ಲಿ ಪ್ರಿಸಿಲ್ಲಾ ವೈಟ್ ಎಂಬ ವೈದ್ಯೆ ತಮ್ಮ ಜೀವಮಾನವನ್ನೇ ಇದಕ್ಕೆ ಮುಡಿಪಿಟ್ಟರು. ಕಾಯಿಲೆ ಎಷ್ಟು ವರ್ಷದ್ದು, ಕಣ್ಣು-ಮೂತ್ರಪಿಂಡಕ್ಕೆ ಪೆಟ್ಟಾಗಿದೆಯೇ ಎಂಬುದರ ಮೇಲೆ ಅವರು 1949ರಲ್ಲಿ ಮಾಡಿದ ವರ್ಗೀಕರಣ ಬಹುಕಾಲ ಬಳಕೆಯಲ್ಲಿತ್ತು. ಅದೇ ನಗರದಲ್ಲಿ 1964ರಲ್ಲಿ ಓ’ಸಲಿವನ್ ಮತ್ತು ಮಹಾನ್ ಬಸುರಿಯರಿಗೆಂದೇ ಸಕ್ಕರೆಯ ಮಿತಿಗಳನ್ನು ಗೊತ್ತುಮಾಡಿದರು. ಅವರು ಆ ಮಿತಿಗಳನ್ನು ಆರಿಸಿದ್ದು ತಾಯಿಗೆ ಮುಂದೆ ಮಧುಮೇಹ ಬರುವ ಸಂಭವವನ್ನು ನೋಡಿ. ಹೆರಿಗೆಯ ನಂತರದ ಬದುಕೇ ಈ ರೋಗದ ಮೊದಲ ಅಳತೆಗೋಲಾಗಿತ್ತೆಂಬುದನ್ನು ಇಂದಿನ ವೈದ್ಯಕೀಯ ಮತ್ತೆ ನೆನಪಿಸಿಕೊಳ್ಳಬೇಕಾಗಿದೆ.

2008ರಲ್ಲಿ ಪ್ರಕಟವಾದ ಹ್ಯಾಪೊ ಅಧ್ಯಯನ ಒಂಬತ್ತು ದೇಶಗಳ ಸುಮಾರು 25,000 ಬಸುರಿಯರನ್ನು ಒಳಗೊಂಡಿತ್ತು. ತಾಯಿಯ ಸಕ್ಕರೆ ಏರಿದಂತೆ ಮಗುವಿನ ತೂಕ, ಸಿಸೇರಿಯನ್, ಹುಟ್ಟಿದ ಮಗುವಿಗೆ ಸಕ್ಕರೆ ಕುಸಿಯುವುದು ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ, ಇಲ್ಲಿಂದಾಚೆಗೆ ಮಾತ್ರ ಅಪಾಯ ಎನ್ನುವಂಥ ಗೆರೆ ಎಲ್ಲೂ ಇಲ್ಲ ಎಂದು ಅದು ತೋರಿಸಿತು. ಮಿತಿಯನ್ನು ಎಲ್ಲಿ ಇಡಬೇಕೆಂಬ ಜಗಳ ಇಂದಿಗೂ ಮುಗಿಯದಿರಲು ಇದೇ ಕಾರಣ. ಚಿಕಿತ್ಸೆಯಿಂದ ಪ್ರಯೋಜನವಿದೆ ಎಂಬುದರ ಬಗ್ಗೆ ಮಾತ್ರ ಜಗಳವಿಲ್ಲ: 2005ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಸಾವಿರ ಬಸುರಿಯರಲ್ಲಿ ಚಿಕಿತ್ಸೆ ಪಡೆದವರ ಮಕ್ಕಳಲ್ಲಿ ಗಂಭೀರ ತೊಂದರೆಗಳು ಶೇ. 4ರಿಂದ ಶೇ. 1ಕ್ಕೆ ಇಳಿದವು.

ಮೈಸೂರಿನ ಕಡತಗಳು

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಯಾರಿಗೆ ಯಾವ ಕಾಲಕ್ಕೆ ಬೇಕಾದೀತು ಎಂಬ ಲೆಕ್ಕವಿಲ್ಲದೆ ಮಾಡಿದ ನಿಷ್ಠೆಯ ಕೆಲಸವದು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಅವರ ಬಳಗ, ಹುಟ್ಟಿದಾಗಿನ ತೂಕಕ್ಕೂ ಮಧ್ಯವಯಸ್ಸಿನ ಕಾಯಿಲೆಗಳಿಗೂ ಇರುವ ನಂಟನ್ನು ಹುಡುಕುತ್ತಿದ್ದ ಕಾಲದಲ್ಲಿ ಈ ಕಡತಗಳು ಬೆಳಕಿಗೆ ಬಂದವು. ಆ ಆಸ್ಪತ್ರೆಯಲ್ಲಿ ಹುಟ್ಟಿ ಮೈಸೂರಿನಲ್ಲೇ ಉಳಿದ, ಮಧ್ಯವಯಸ್ಸಿನ 506 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಫಲಿತಾಂಶ ನಿರೀಕ್ಷೆಯ ಹಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮಧುಮೇಹ ಹೆಚ್ಚಾಗಿತ್ತು. ಮೈಸೂರಿನಲ್ಲಿ ಅದು ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ. ಅವರ ತಾಯಂದಿರು ಬೇರೆಯವರಿಗಿಂತ ತೂಕವಿದ್ದವರು. ಅಂದರೆ ಮೂವತ್ತರ, ನಲವತ್ತರ ದಶಕದ ಆ ತಾಯಂದಿರಲ್ಲಿ ಕೆಲವರಿಗೆ ಬಸಿರಿನಲ್ಲಿ ಸಕ್ಕರೆ ಏರಿದ್ದಿರಬೇಕು, ಯಾರೂ ನೋಡಿರಲಿಲ್ಲ ಅಷ್ಟೆ.

ಈ ಊಹೆಯನ್ನು ಪರೀಕ್ಷಿಸಲು 1997-98ರಲ್ಲಿ ಅದೇ ಆಸ್ಪತ್ರೆಗೆ ತಪಾಸಣೆಗೆ ಬರುತ್ತಿದ್ದ ಬಸುರಿಯರನ್ನು ಸೇರಿಸಿಕೊಂಡು ಹೊಸ ಅಧ್ಯಯನ ಶುರುವಾಯಿತು. ಇದು ಮೈಸೂರು ಪಾರ್ಥೆನಾನ್ ಅಧ್ಯಯನ ಎಂದು ಹೆಸರಾಗಿದೆ. ಸುಮಾರು ಮೂವತ್ತನೆಯ ವಾರದಲ್ಲಿ ಗ್ಲೂಕೋಸ್ ಪರೀಕ್ಷೆ ಮಾಡಿದಾಗ ಶೇ. 6.2 ಮಂದಿಯಲ್ಲಿ ಮಧುಮೇಹ ಕಂಡಿತು. ಸಂಶೋಧಕರು ಅಷ್ಟಕ್ಕೇ ನಿಲ್ಲದೆ ಐದು ವರ್ಷ ಬಿಟ್ಟು ಅದೇ ತಾಯಂದಿರನ್ನು ಮತ್ತೆ ಕರೆದರು. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದಂತೆ, ಬಸಿರಿನಲ್ಲಿ ಸಕ್ಕರೆ ಏರಿದ್ದವರಲ್ಲಿ ಶೇ. 37 ಮಂದಿಗೆ ಐದೇ ವರ್ಷದಲ್ಲಿ ಮಧುಮೇಹ ನೆಲೆ ನಿಂತಿತ್ತು. ಏರದಿದ್ದವರಲ್ಲಿ ಅದು ಶೇ. 2 ಮಾತ್ರ. ಅಂದರೆ ಸಕ್ಕರೆ ಏರಿದ್ದವರಲ್ಲಿ ಮೂರು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ಮಗು ಒಂದನೇ ತರಗತಿಗೆ ಸೇರುವ ಹೊತ್ತಿಗೆ ತಾಯಿ ರೋಗಿಯಾಗಿರುತ್ತಾಳೆ ಎಂದಾಯಿತು.

ಮಕ್ಕಳ ಕಡೆಯ ಕಥೆಯೂ ಹೀಗೇ. ಐದು ವರ್ಷಕ್ಕೆ, ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಚರ್ಮದಡಿಯ ಕೊಬ್ಬೂ ರಕ್ತದ ಇನ್ಸುಲಿನ್ನೂ ಹೆಚ್ಚಾಗಿದ್ದವು. ಒಂಬತ್ತು-ಹತ್ತರ ವಯಸ್ಸಿಗೆ ಗಂಡುಮಕ್ಕಳಲ್ಲೂ ಅದೇ ಕಂಡಿತು. ಹೆಣ್ಣುಮಗು ಮುಂದೆ ತಾಯಿಯಾಗುವಾಗ ಸಕ್ಕರೆ ಏರಿದರೆ ಸರಪಳಿ ಮೂರನೆಯ ತಲೆಮಾರಿಗೆ ಸಾಗುತ್ತದೆ. ಓದುವ ತಾಯಂದಿರು ಹೆದರಬಾರದೆಂದು ಇನ್ನೊಂದನ್ನೂ ಹೇಳಬೇಕು: ಇದೇ ಮಕ್ಕಳಿಗೆ ನೆನಪು, ಕಲಿಕೆ, ಮಾತಿನ ಪರೀಕ್ಷೆಗಳನ್ನು ಮಾಡಿದಾಗ ಮಧುಮೇಹವಿದ್ದ ತಾಯಂದಿರ ಮಕ್ಕಳು ಉಳಿದವರಿಗಿಂತ ಹಿಂದೆ ಬೀಳಲಿಲ್ಲ, ಕೆಲವು ಪರೀಕ್ಷೆಗಳಲ್ಲಿ ಮುಂದೆಯೇ ಇದ್ದರು.

ಪುಣೆಯಲ್ಲಿ ಸಿ.ಎಸ್. ಯಾಜ್ಞಿಕ್ ಅವರ ಸಂಶೋಧನೆ ತೋರಿಸಿದ ‘ತೆಳ್ಳಗಿದ್ದೂ ಕೊಬ್ಬಿರುವ’ ಭಾರತೀಯ ಶಿಶುವಿನ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತೂಕ ಎರಡೂವರೆ ಕಿಲೋ, ಕೈಕಾಲು ಕಡ್ಡಿ, ಆದರೆ ಸ್ನಾಯು ಕಡಿಮೆಯಿದ್ದು ಕೊಬ್ಬು ಉಳಿದುಕೊಂಡಿರುತ್ತದೆ. ನಮ್ಮಲ್ಲಿ ‘ಮಗು ನಾಲ್ಕು ಕಿಲೋ ಇಲ್ಲವಲ್ಲ, ಶುಗರ್ ಏನೂ ಮಾಡಿಲ್ಲ’ ಎಂದು ಸಮಾಧಾನ ಪಡುವುದು ಏಕೆ ಸರಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಪರೀಕ್ಷೆ

ಚೆನ್ನೈನ ಡಾ. ವಿ. ಶೇಷಯ್ಯ ಅವರ ಹುಟ್ಟುಹಬ್ಬವಾದ ಮಾರ್ಚ್ 10ನ್ನು ಭಾರತದಲ್ಲಿ ಗರ್ಭಾವಸ್ಥೆಯ ಮಧುಮೇಹ ಜಾಗೃತಿ ದಿನವಾಗಿ ಆಚರಿಸುತ್ತಾರೆ. ಹಳ್ಳಿಯ ಬಸುರಿ ಬೆಳಗಿನ ಬಸ್ಸು ಹಿಡಿದು, ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಗೆ ಬಂದು, ಮೂರು ಸಲ ರಕ್ತ ಕೊಡಲಾರಳು ಎಂಬ ಸರಳ ಸತ್ಯದಿಂದ ಅವರ ವಿಧಾನ ಹುಟ್ಟಿತು. ಊಟ ಮಾಡಿದ್ದರೂ ಮಾಡದಿದ್ದರೂ 75 ಗ್ರಾಂ ಗ್ಲೂಕೋಸನ್ನು 300 ಮಿ.ಲೀ. ನೀರಿನಲ್ಲಿ ಕದಡಿ ಐದು-ಹತ್ತು ನಿಮಿಷದಲ್ಲಿ ಕುಡಿಯಬೇಕು. ಎರಡು ಗಂಟೆಯ ನಂತರ ಒಂದೇ ಸಲ ರಕ್ತ ಪರೀಕ್ಷೆ. 100 ಮಿ.ಲೀ.ಗೆ 140 ಮಿಲಿಗ್ರಾಂ ಅಥವಾ ಹೆಚ್ಚು ಬಂದರೆ ಮಧುಮೇಹ. ಕೇಂದ್ರ ಸರ್ಕಾರದ ಮಾರ್ಗಸೂಚಿ ಇದನ್ನೇ ಒಪ್ಪಿಕೊಂಡಿದೆ: ಎಲ್ಲ ಬಸುರಿಯರಿಗೂ ಮೊದಲ ಭೇಟಿಯಲ್ಲೇ ಒಮ್ಮೆ, ಸರಿಯಿದ್ದರೆ 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು. ವಾಕರಿಕೆ ಕಾಡುವವರು ನಿಂಬೆರಸ ಹಿಂಡಿಕೊಂಡು ಕುಡಿಯುವುದುಂಟು.

ವಿಶ್ವ ಆರೋಗ್ಯ ಸಂಸ್ಥೆ 2013ರಿಂದ ಒಪ್ಪಿರುವ ವಿಧಾನದಲ್ಲಿ ಉಪವಾಸ ಬೇಕು, ಮಿತಿಗಳೂ ಬೇರೆ: ಉಪವಾಸದಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153, ಮೂರರಲ್ಲಿ ಒಂದು ಮುಟ್ಟಿದರೂ ಸಾಕು. ಉಪವಾಸವಿಲ್ಲದ ಪರೀಕ್ಷೆ ಇದಕ್ಕೆ ಹೋಲಿಸಿದರೆ ಬಹಳ ಮಂದಿಯನ್ನು ಕೈಬಿಡುತ್ತದೆ ಎಂಬ ಆಕ್ಷೇಪ ಚೆನ್ನೈನಿಂದಲೇ ಬಂದಿದೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಯಾವ ಪರೀಕ್ಷೆಯೂ ಆಗದೆ ಉಳಿಯುವುದಕ್ಕಿಂತ ಒಂದೇ ಸೂಜಿಯ ಪರೀಕ್ಷೆ ಎಷ್ಟೋ ಮೇಲು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಗಳಿಗೆ ಹೆಚ್ಚಾಗಿ ಮೊದಲು 50 ಗ್ರಾಂ, ಅದರಲ್ಲಿ ಏರಿದರೆ 100 ಗ್ರಾಂ ಗ್ಲೂಕೋಸ್ ಕೊಟ್ಟು ಎರಡು ಹಂತದಲ್ಲಿ ನೋಡುತ್ತಾರೆ. ಬ್ರಿಟನ್ನಿನಲ್ಲಿ ದಕ್ಷಿಣ ಏಷ್ಯಾದ ಮೂಲವೇ ಪರೀಕ್ಷೆ ಮಾಡಲು ಸಾಕಾಗುವ ಕಾರಣ. ಅಲ್ಲಿನ ಚೀಟಿಯಲ್ಲಿ 7.8 ಎಂದಿದ್ದರೆ ಗಾಬರಿ ಬೇಡ, ಅವರ ಅಳತೆ ಬೇರೆ, 18ರಿಂದ ಗುಣಿಸಿದರೆ ನಮ್ಮ 140 ಸಿಗುತ್ತದೆ.

ತಟ್ಟೆ, ನಡಿಗೆ, ಸೂಜಿ

ಚಿಕಿತ್ಸೆಯ ಮೊದಲ ಹೆಜ್ಜೆ ಊಟದ್ದು, ಮತ್ತು ಹತ್ತರಲ್ಲಿ ಏಳೆಂಟು ಮಂದಿಗೆ ಅದೇ ಸಾಕಾಗುವುದುಂಟು. ಗುರಿ ಹೀಗಿದೆ: ಉಪವಾಸದಲ್ಲಿ 95ಕ್ಕಿಂತ ಕಡಿಮೆ, ಊಟವಾದ ಎರಡು ಗಂಟೆಗೆ 120ಕ್ಕಿಂತ ಕಡಿಮೆ. ಊಟ ಬಿಡುವುದು ಇದಕ್ಕೆ ದಾರಿಯಲ್ಲ. ಬಸುರಿ ಹಸಿದಿದ್ದರೆ ಕೊಬ್ಬು ಕರಗಿ ಕೀಟೋನುಗಳು ಹೆಚ್ಚುತ್ತವೆ, ಅದು ಮಗುವಿಗೆ ಒಳ್ಳೆಯದಲ್ಲ. ಮೂರು ಹೊತ್ತಿನ ಊಟ, ನಡುವೆ ಎರಡು-ಮೂರು ಸಣ್ಣ ತಿಂಡಿ, ಹೀಗೆ ಹಂಚಿ ತಿನ್ನಬೇಕು.

ನಮ್ಮ ಅಡುಗೆಮನೆಯಲ್ಲಿ ತೊಂದರೆ ಇರುವುದು ಸಕ್ಕರೆ ಡಬ್ಬಿಗಿಂತ ಹೆಚ್ಚಾಗಿ ಅನ್ನದ ಪಾತ್ರೆಯಲ್ಲಿ. ಬೆಳಿಗ್ಗೆ ಇಡ್ಲಿ ಅಥವಾ ಅವಲಕ್ಕಿ, ಮಧ್ಯಾಹ್ನ ಅನ್ನ-ಸಾರು, ಸಂಜೆ ಮಂಡಕ್ಕಿ, ರಾತ್ರಿ ಮತ್ತೆ ಅನ್ನ: ದಿನವಿಡೀ ಪಿಷ್ಟವೇ. ಮಾಸಿನ ಹಾರ್ಮೋನುಗಳ ಜೊತೆಗೆ ದೇಹದ ಇತರ ಹಾರ್ಮೋನುಗಳೂ ಬೆಳಗಿನ ಹೊತ್ತಿಗೆ ಇನ್ಸುಲಿನ್ನಿಗೆ ಎದುರು ನಿಲ್ಲುವುದರಿಂದ, ಬೆಳಗಿನ ತಿಂಡಿಯೇ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ನಾಲ್ಕು ಇಡ್ಲಿ ತಿನ್ನುವವರು ಎರಡಕ್ಕೆ ಇಳಿಸಿ, ಜೊತೆಗೆ ಬೇಯಿಸಿದ ಮೊಟ್ಟೆಯನ್ನೋ ಹೆಸರುಕಾಳಿನ ಉಸಲಿಯನ್ನೋ ಸೇರಿಸಿಕೊಂಡರೆ ಗ್ಲುಕೋಮೀಟರಿನಲ್ಲಿ ವ್ಯತ್ಯಾಸ ಅವರ ಕಣ್ಣಿಗೇ ಕಾಣುತ್ತದೆ. ರಾಗಿಯ ಬಗ್ಗೆ ಒಂದು ಮಾತು. ರಾಗಿ ತಿಂದರೆ ಶುಗರ್ ಏರದು ಎಂಬುದು ಹಳೇ ಮೈಸೂರು ಸೀಮೆಯ ನಂಬಿಕೆ. ರಾಗಿಯಲ್ಲಿ ನಾರು, ಸುಣ್ಣದಂಶ ಎರಡೂ ಚೆನ್ನಾಗಿವೆ, ಆದರೆ ಅದೂ ಪಿಷ್ಟದ ಧಾನ್ಯವೇ. ಸಣ್ಣ ಮುದ್ದೆಗೆ ಸೊಪ್ಪಿನ ಬಸ್ಸಾರು, ಕಾಳು ಪಲ್ಯ ಸೇರಿದರೆ ಒಳ್ಳೆಯ ಊಟ. ನುಣ್ಣಗೆ ಜರಡಿ ಹಿಡಿದ ಹಿಟ್ಟಿನ ಗಂಜಿಯನ್ನು ಬೆಲ್ಲ ಹಾಕಿ ಕುಡಿದರೆ ಸಕ್ಕರೆ ಸರ್ರನೆ ಏರುತ್ತದೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಮಡಕೆಕಾಳು, ಹಸಿ ಮೆಂತ್ಯ ಸೊಪ್ಪು, ಶೇಂಗಾ ಚಟ್ನಿಯ ತಟ್ಟೆ ಈ ಕಾಯಿಲೆಗೆಂದೇ ರೂಪಿಸಿದ ಹಾಗಿದೆ. ಬೆಲ್ಲ, ಜೇನು ಸಕ್ಕರೆಯಲ್ಲ ಎಂಬ ಭಾವನೆಯನ್ನು ಮಾತ್ರ ಬಿಡಲೇಬೇಕು.

ಸೀಮಂತ, ಕುಬುಸ, ಬಯಕೆ ಊಟಗಳು ನಡೆಯುವುದು ಏಳನೇ ತಿಂಗಳ ಆಸುಪಾಸಿನಲ್ಲಿ, ಮಾಸಿನ ಬಿಗಿ ಜೋರಾಗಿರುವ ಹೊತ್ತಿನಲ್ಲೇ. ಬಂದವರೆಲ್ಲ ಒಂದೊಂದು ತುತ್ತು ಸಿಹಿ ತಿನ್ನಿಸುತ್ತಾರೆ. ಅವಳನ್ನು ಹಬ್ಬದಿಂದ ದೂರವಿಡುವುದು ಕ್ರೂರ. ಸಿಹಿಯನ್ನು ಮಡಿಲಿಗೆ ಹಾಕಿ, ಬಾಯಿಗೆ ಕೋಸಂಬರಿ ಇಟ್ಟರೆ ಶಾಸ್ತ್ರಕ್ಕೇನೂ ಕುಂದಿಲ್ಲ. ಸರ್ಕಾರಿ ಯೋಜನೆಗಳಲ್ಲೂ ಇಂಥದ್ದೇ ಗಮನ ಬೇಕು. 2017ರ ಅಕ್ಟೋಬರ್ 2ರಂದು ಆರಂಭವಾದ ಕರ್ನಾಟಕದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಬಸುರಿ-ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಕೊಡುವ ಉದ್ದೇಶದ್ದು. ರಕ್ತಹೀನತೆ, ತೂಕ ಕೊರತೆಯಿರುವ ಬಹುಸಂಖ್ಯಾತರಿಗೆ ಅದು ದೊಡ್ಡ ಆಸರೆ. ಸಕ್ಕರೆ ಏರಿದವಳಿಗೆ ಅದೇ ಊಟದಲ್ಲಿ ಅನ್ನ ಒಂದು ಸೌಟು ಕಡಿಮೆ, ಚಿಕ್ಕಿಯ ಬದಲು ಹುರಿದ ಶೇಂಗಾ ಎಂದು ಅಂಗನವಾಡಿ ಕಾರ್ಯಕರ್ತೆ ಹೇಳುವಂತಾಗಬೇಕು. ತಾಯಿ ಕಾರ್ಡಿನಲ್ಲಿ ಪರೀಕ್ಷೆಯ ಫಲಿತಾಂಶ ಬರೆದಿದ್ದರೆ ಇದು ಕಷ್ಟವಲ್ಲ.

ವೈದ್ಯರು ಬೇಡವೆನ್ನದಿದ್ದರೆ ಪ್ರತಿ ಊಟದ ನಂತರ ಹತ್ತು-ಹದಿನೈದು ನಿಮಿಷದ ನಡಿಗೆ ತುಂಬಾ ಉಪಯುಕ್ತ. ನಡೆಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

ಎರಡು ವಾರ ಊಟ ಸರಿಪಡಿಸಿಯೂ 120ರ ಕೆಳಗೆ ಬರದಿದ್ದರೆ ಔಷಧಿ. ಇನ್ಸುಲಿನ್ ಮಾಸನ್ನು ದಾಟುವುದಿಲ್ಲವಾದ್ದರಿಂದ ಮಗುವಿನ ದೃಷ್ಟಿಯಿಂದ ಅದೇ ನೆಮ್ಮದಿಯದು. ‘ಒಮ್ಮೆ ಸೂಜಿ ಹಾಕಿಸಿಕೊಂಡರೆ ಜೀವನಪೂರ್ತಿ ಬೇಕು’ ಎಂಬ ಭಯ ಇಲ್ಲಿ ನಿರಾಧಾರ. ಹೆರಿಗೆಯಾದ ದಿನವೇ ನಿಲ್ಲಿಸುವವರೇ ಹೆಚ್ಚು. ಮೆಟ್‌ಫಾರ್ಮಿನ್ ಮಾತ್ರೆ ಮಾಸನ್ನು ದಾಟುತ್ತದೆ. 2008ರ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಅಧ್ಯಯನದಲ್ಲಿ ಅದರಿಂದ ನವಜಾತ ಶಿಶುಗಳಿಗೆ ಹೆಚ್ಚಿನ ತೊಂದರೆಯೇನೂ ಕಾಣಲಿಲ್ಲ, ಆದರೆ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 46 ಮಂದಿಗೆ ಇನ್ಸುಲಿನ್ನನ್ನೂ ಸೇರಿಸಬೇಕಾಯಿತು. ಭಾರತದ ಮಾರ್ಗಸೂಚಿ 20 ವಾರ ಕಳೆದ ಮೇಲೆ ಅದಕ್ಕೆ ಅವಕಾಶ ಕೊಡುತ್ತದೆ. ಒಂದು ಎಚ್ಚರಿಕೆ: ಮೆಟ್‌ಫಾರ್ಮಿನ್ ದೇಹದ ಬಿ12 ಮಟ್ಟವನ್ನು ಇಳಿಸುತ್ತದೆ, ಮೈಸೂರಿನ ಅಧ್ಯಯನದಲ್ಲಿ ಶೇ. 43 ಬಸುರಿಯರಲ್ಲಿ ಬಿ12 ಮೊದಲೇ ಕಡಿಮೆಯಿತ್ತು. ಸಸ್ಯಾಹಾರಿ ಮನೆಗಳ ಹೆಣ್ಣುಮಕ್ಕಳಿಂದ ಈ ವಿಚಾರವನ್ನು ವೈದ್ಯರು ಕೇಳಿ ತಿಳಿಯಬೇಕು.

ಮೊದಲೇ ಮಧುಮೇಹವಿದ್ದವರು

ಇವರ ವಿಷಯದಲ್ಲಿ ಕೆಲಸ ಶುರುವಾಗಬೇಕಾದದ್ದು ಬಸಿರಿಗೆ ಮೊದಲು. ಮಗುವಿನ ಹೃದಯ, ಬೆನ್ನುಹುರಿ, ಮೆದುಳು ರೂಪುಗೊಳ್ಳುವುದು ಮೊದಲ ಎಂಟು ವಾರದೊಳಗೆ. ಮುಟ್ಟು ತಪ್ಪಿತೆಂದು ತಿಳಿದು ಆಸ್ಪತ್ರೆಗೆ ಬರುವಷ್ಟರಲ್ಲಿ ಬಹುಪಾಲು ಕೆಲಸ ಮುಗಿದಿರುತ್ತದೆ. ಆ ಹೊತ್ತಿನಲ್ಲಿ ಸಕ್ಕರೆ ಬಹಳ ಏರಿದ್ದರೆ ಅಂಗವಿಕಲತೆ, ಗರ್ಭಪಾತಗಳ ಸಂಭವ ಹೆಚ್ಚು. ಆದ್ದರಿಂದ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಸಾಧ್ಯವಾದಷ್ಟು 6.5ರ ಒಳಗೆ ಬಂದ ಮೇಲೆ ಗರ್ಭ ಧರಿಸುವುದು, ಮೊದಲೇ ಫೋಲಿಕ್ ಆಮ್ಲ ಶುರುಮಾಡುವುದು, ಬಿಪಿಗೆ ಕೊಡುವ ಎಸಿಇ ತಡೆ ಮಾತ್ರೆ, ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಇವುಗಳನ್ನು ವೈದ್ಯರ ಸಲಹೆಯಂತೆ ಬದಲಿಸುವುದು, ಕಣ್ಣಿನ ಪರದೆ ಮತ್ತು ಮೂತ್ರಪಿಂಡದ ತಪಾಸಣೆ, ಇಷ್ಟೂ ಆಗಬೇಕು. ಭಾರತದಲ್ಲಿ ಟೈಪ್ 2 ಮಧುಮೇಹ ಇಪ್ಪತ್ತೈದು-ಮೂವತ್ತರಲ್ಲೇ ಕಾಣಿಸಿಕೊಳ್ಳುತ್ತಿರುವುದರಿಂದ ಇದು ಅಪರೂಪದವರ ಸಮಸ್ಯೆಯಾಗಿ ಉಳಿದಿಲ್ಲ.

ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಟೈಪ್ 1 ಮಧುಮೇಹ ಇರುವವರಲ್ಲಿ ಮೊದಲ ಮೂರು ತಿಂಗಳು ಸಕ್ಕರೆ ಹಠಾತ್ತನೆ ಕುಸಿಯುವುದು ದೊಡ್ಡ ಅಪಾಯ, ಅದರಲ್ಲೂ ವಾಂತಿ ಇದ್ದಾಗ. ಮುಂದೆ ಇನ್ಸುಲಿನ್ ಅಗತ್ಯ ಎರಡು ಪಟ್ಟಾಗಬಹುದು. 2017ರಲ್ಲಿ ಪ್ರಕಟವಾದ ಕಾನ್ಸೆಪ್ಟ್ ಅಧ್ಯಯನದಲ್ಲಿ, ಚರ್ಮಕ್ಕೆ ಅಂಟಿಸುವ ನಿರಂತರ ಗ್ಲೂಕೋಸ್ ಮಾಪಕ ಬಳಸಿದ ಟೈಪ್ 1 ತಾಯಂದಿರ ಮಕ್ಕಳು ಅತಿ ತೂಕದವರಾಗುವುದೂ ತೀವ್ರ ನಿಗಾ ಘಟಕಕ್ಕೆ ಹೋಗುವುದೂ ಕಡಿಮೆಯಾಯಿತು. ಅದರ ಬೆಲೆ ಇನ್ನೂ ನಮ್ಮ ಸಾಮಾನ್ಯ ಕುಟುಂಬಗಳ ಕೈಗೆಟುಕದು ಎಂಬುದು ನೋವಿನ ಸಂಗತಿ.

ಹೆರಿಗೆ

ಸಕ್ಕರೆ ಹತೋಟಿಯಲ್ಲಿದ್ದರೆ ಮಧುಮೇಹವೊಂದೇ ಸಿಸೇರಿಯನ್ನಿಗೆ ಕಾರಣವಾಗಬೇಕಿಲ್ಲ. ಮಗು ದೊಡ್ಡದಾಗಿದ್ದರೆ ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಭಯವಿರುತ್ತದೆ. ಬಿಪಿ ಏರುವುದು, ಗರ್ಭದಲ್ಲಿ ನೀರು ಹೆಚ್ಚಾಗುವುದು, ಕೊನೆಯ ವಾರಗಳಲ್ಲಿ ಮಗುವಿನ ಚಲನೆ ಕಡಿಮೆಯಾಗುವುದು ಇವುಗಳ ಮೇಲೆ ಕಣ್ಣಿಟ್ಟು ಹೆರಿಗೆಯ ದಿನವನ್ನು ವೈದ್ಯರು ಗೊತ್ತುಮಾಡುತ್ತಾರೆ.

ಹೊಕ್ಕುಳಬಳ್ಳಿ ಕತ್ತರಿಸಿದ ಗಳಿಗೆಯಲ್ಲಿ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುತ್ತದೆ, ಮಗುವಿನ ಇನ್ಸುಲಿನ್ ಮಾತ್ರ ಹಾಗೆಯೇ ಹರಿಯುತ್ತಿರುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಮಗುವಿನ ಸಕ್ಕರೆ ಕುಸಿಯುವುದು ಇದರಿಂದ. ಒಂದು ಗಂಟೆಯೊಳಗೆ ತಾಯಿಯ ಮೊದಲ ಹಾಲು ಕುಡಿಸುವುದೇ ಇದಕ್ಕೆ ಮೊದಲ ಮದ್ದು. ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದಾಗ 45ಕ್ಕಿಂತ ಕೆಳಗಿದ್ದರೆ ವೈದ್ಯರ ನೆರವು ಬೇಕು. ಮೊದಲ ಹಾಲನ್ನು ಹಿಂಡಿ ಚೆಲ್ಲಿ ಜೇನು ನೆಕ್ಕಿಸುವ ಪದ್ಧತಿ ಯಾವ ಮಗುವಿಗೂ ಬೇಡ, ಈ ಮಗುವಿಗಂತೂ ಬೇಡವೇ ಬೇಡ. ಕಾಮಾಲೆ, ಉಸಿರಾಟದ ತೊಂದರೆ, ಸುಣ್ಣದಂಶ ಇಳಿಯುವುದು ಇವನ್ನೂ ಗಮನಿಸುತ್ತಾರೆ.

ಬಾಣಂತನ ಮತ್ತು ಆಮೇಲೆ

ಮಾಸು ಹೊರಬಿದ್ದ ಕೂಡಲೇ ಇನ್ಸುಲಿನ್ ಅಗತ್ಯ ಧಡಕ್ಕನೆ ಇಳಿಯುತ್ತದೆ. ಮೊದಲೇ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದವರು ಬಸಿರಿನ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಅವರು ಹಾಲುಣಿಸುವ ಮುಂಚೆ ಏನಾದರೂ ತಿಂದಿರಬೇಕು, ರಾತ್ರಿಯಂತೂ ತಪ್ಪದೆ. ಇನ್ಸುಲಿನ್, ಮೆಟ್‌ಫಾರ್ಮಿನ್ ಎರಡೂ ಹಾಲೂಡಿಸುವಾಗ ಸುರಕ್ಷಿತ.

ಹಾಲೂಡಿಸುವುದರ ಲಾಭ ಮಗುವಿಗೆ ಮಾತ್ರ ಎಂದುಕೊಂಡಿದ್ದೇವೆ. ಕ್ಯಾಲಿಫೋರ್ನಿಯಾದ ಎರಿಕಾ ಗಂಡರ್‌ಸನ್ ಬಳಗ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರಲ್ಲಿ ಹೆಚ್ಚು ಕಾಲ, ಹೆಚ್ಚು ಪೂರ್ಣವಾಗಿ ಹಾಲೂಡಿಸಿದವರಿಗೆ ಎರಡು ವರ್ಷದೊಳಗೆ ಮಧುಮೇಹ ಬರುವುದು ಗಣನೀಯವಾಗಿ ಕಡಿಮೆಯಿತ್ತು.

ನಮ್ಮ ಬಾಣಂತನದ ಪದ್ಧತಿ ಪ್ರೀತಿಯಿಂದ ಕಟ್ಟಿದ್ದು: ಎಣ್ಣೆನೀರು, ಬೆಚ್ಚನೆಯ ಕೋಣೆ, ಅಂಟಿನುಂಡೆ, ಕೊಬ್ಬರಿ-ಬೆಲ್ಲ, ಬಿಸಿ ಅನ್ನಕ್ಕೆ ತುಪ್ಪ, ಮೂರು ತಿಂಗಳ ವಿಶ್ರಾಂತಿ. ಹೊಟ್ಟೆಗಿಲ್ಲದ ಕಾಲದಲ್ಲಿ, ಹೆರಿಗೆಯಾಗಿ ವಾರಕ್ಕೇ ಹೊಲಕ್ಕೆ ಹೋಗಬೇಕಿದ್ದ ಹೆಣ್ಣಿಗೆ ಅದು ರಕ್ಷೆಯಾಗಿತ್ತು. ಇಂದು ಬಸಿರಿನ ತೂಕದ ಮೇಲೆ ಬಾಣಂತನದ ತೂಕ ಸೇರಿ, ಅದೇ ಮುಂದಿನ ಮಧುಮೇಹಕ್ಕೆ ಹಾಸಿಗೆ ಹಾಸುತ್ತದೆ. ಪದ್ಧತಿಯನ್ನು ಕಿತ್ತೆಸೆಯಬೇಕಿಲ್ಲ. ಅಂಟಿನುಂಡೆಗೆ ಬೆಲ್ಲ ಇಳಿಸಿ ಬಾದಾಮಿ, ಎಳ್ಳು ಏರಿಸಬಹುದು. ಮೆಂತ್ಯ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಇರಲಿ. ನೀರು ಕುಡಿಯಬಾರದು, ತರಕಾರಿ ತಿನ್ನಬಾರದು ಎಂಬ ಕಟ್ಟುಗಳನ್ನು ಬಿಡಬಹುದು. ಹೊಲಿಗೆ ಮಾಗಿದ ಮೇಲೆ ವೈದ್ಯರನ್ನು ಕೇಳಿ ಅಂಗಳದಲ್ಲಿ ನಡೆದಾಡಬಹುದು.

ಮಾರ್ಗಸೂಚಿಯಂತೆ ಹೆರಿಗೆಯಾದ ಆರು ವಾರಕ್ಕೆ ತಾಯಿಗೆ ಮತ್ತೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಆಗಬೇಕು, ಈ ಸಲ ಖಾಲಿ ಹೊಟ್ಟೆಯಲ್ಲಿ. ಉಪವಾಸದಲ್ಲಿ 126 ಅಥವಾ ಎರಡು ಗಂಟೆಗೆ 200 ಮುಟ್ಟಿದರೆ ಮಧುಮೇಹ ಉಳಿದಿದೆ ಎಂದರ್ಥ. ಈ ಪರೀಕ್ಷೆಗೆ ಬರುವವರು ಬಹಳ ಕಡಿಮೆ, ಅದಕ್ಕೆ ಅವರನ್ನು ದೂರಿ ಫಲವಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳ ಕಾರ್ಡು ಗಂಡನ ಮನೆಯ ಆಸ್ಪತ್ರೆಯಲ್ಲಿ, ಹೆರಿಗೆಯ ಚೀಟಿ ತವರಿನ ಆಸ್ಪತ್ರೆಯಲ್ಲಿ. ಹೆರಿಗೆ ಮಾಡಿಸಿದವರಿಗೆ ಅವಳು ಆಮೇಲೆ ಎಲ್ಲಿ ಹೋದಳು ಗೊತ್ತಿಲ್ಲ. ಎಳೆ ಮಗುವನ್ನು ಬಿಟ್ಟು, ಮೂರು ಗಂಟೆ ಕಾದು, ‘ನನಗೇನೂ ಆಗಿಲ್ಲವಲ್ಲ’ ಎಂದುಕೊಳ್ಳುವ ಯಾರು ಈ ಪರೀಕ್ಷೆಗೆ ಬಂದಾರು?

ಊಟ-ವ್ಯಾಯಾಮದ ಶಿಸ್ತಿನಿಂದ ಮಧುಮೇಹವನ್ನು ಮುಂದೂಡಬಹುದು ಎಂಬುದಕ್ಕೆ ಅಮೆರಿಕದ ಮಧುಮೇಹ ತಡೆ ಕಾರ್ಯಕ್ರಮ ಸಾಕ್ಷಿ: ಸಕ್ಕರೆ ಗಡಿಯಲ್ಲಿದ್ದ, ಹಿಂದೆ ಬಸಿರಿನಲ್ಲಿ ಮಧುಮೇಹ ಕಂಡಿದ್ದ ಹೆಂಗಸರಲ್ಲಿ ಜೀವನಶೈಲಿಯ ಬದಲಾವಣೆಯಿಂದಲೂ ಮೆಟ್‌ಫಾರ್ಮಿನ್ನಿನಿಂದಲೂ ಸಂಭವ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಆದರೆ ಭಾರತ, ಬಾಂಗ್ಲಾದೇಶ, ಶ್ರೀಲಂಕಾಗಳ 1,600ಕ್ಕೂ ಹೆಚ್ಚು ತಾಯಂದಿರೊಂದಿಗೆ ನಡೆದು 2022ರಲ್ಲಿ ಪ್ರಕಟವಾದ ಲಿವಿಂಗ್ ಅಧ್ಯಯನದಲ್ಲಿ, ಗುಂಪಿನಲ್ಲಿ ಕೂರಿಸಿ ಹೇಳಿಕೊಟ್ಟ ಪಾಠಗಳಿಂದ ಗಮನಾರ್ಹ ಫಲ ಕಾಣಲಿಲ್ಲ. ಪಾಠ ಪಡೆದವರಲ್ಲೂ ಪಡೆಯದವರಲ್ಲೂ ಸುಮಾರು ನಾಲ್ಕರಲ್ಲಿ ಒಬ್ಬರ ಸಕ್ಕರೆ ಇನ್ನಷ್ಟು ಹದಗೆಟ್ಟಿತು. ಎಳೆ ಮಗು, ಅಡುಗೆ, ಅತ್ತೆ-ಮಾವ, ಕೆಲಸ ಇವುಗಳ ನಡುವೆ ಇರುವ ಹೆಣ್ಣಿಗೆ ‘ನಡೆಯಿರಿ, ತೂಕ ಇಳಿಸಿ’ ಎಂದಷ್ಟೇ ಹೇಳಿದರೆ ಸಾಲದು. ಮಗುವನ್ನು ಅರ್ಧ ಗಂಟೆ ನೋಡಿಕೊಳ್ಳುವ ಗಂಡನೂ ಚಿಕಿತ್ಸೆಯ ಭಾಗವೇ.

ಅವಳನ್ನು ಮತ್ತೆ ಆಸ್ಪತ್ರೆಗೆ ಕರೆಸುವ ದಾರಿಯೊಂದು ಮಾತ್ರ ಈಗಾಗಲೇ ನಮ್ಮಲ್ಲಿದೆ. ಹುಟ್ಟಿದ ಆರು ವಾರಕ್ಕೆ ಮಗುವಿಗೆ ಪೆಂಟಾವೇಲೆಂಟ್ ಮತ್ತು ಪೋಲಿಯೊ ಲಸಿಕೆ. ತನಗಾಗಿ ಬರದಿದ್ದರೂ ಮಗುವಿಗಾಗಿ ತಾಯಿ ಅಂದು ಬರುತ್ತಾಳೆ, ಬರದಿದ್ದರೆ ಆಶಾ ಕಾರ್ಯಕರ್ತೆ ಮನೆಗೇ ಹೋಗಿ ‘ಬಾರಮ್ಮ, ಚುಚ್ಚುಮದ್ದಿನ ದಿನ’ ಎಂದು ಕರೆಯುತ್ತಾಳೆ. ಹಿಂದಿನ ರಾತ್ರಿಯೇ ‘ಬೆಳಿಗ್ಗೆ ತಿಂಡಿ ತಿನ್ನದೆ ಬಾ’ ಎಂದು ಹೇಳಿ ಕಳಿಸಿದರೆ, ಮಗುವಿನ ಲಸಿಕೆಗೆ ಕಾಯುವ ಹೊತ್ತಿನಲ್ಲೇ ತಾಯಿಯ ಗ್ಲೂಕೋಸ್ ಪರೀಕ್ಷೆಯೂ ಮುಗಿಯುತ್ತದೆ. ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆಯ ದಿನ ಇನ್ನೊಮ್ಮೆ ಸಕ್ಕರೆ ನೋಡಬಹುದು, ಆಮೇಲೆ ವರ್ಷಕ್ಕೊಮ್ಮೆ. ಎರಡನೆಯ ಮಗು ಬೇಕೆಂದಾಗ ಬಸಿರಿಗೆ ಮೊದಲೇ ಒಮ್ಮೆ ಪರೀಕ್ಷೆ. ಅಲ್ಲಿಯವರೆಗೆ ಅಂತರವಿಡಲು ಕಾಪರ್-ಟಿ ಮಧುಮೇಹದ ದೃಷ್ಟಿಯಿಂದ ತೊಂದರೆಯಿಲ್ಲದ್ದು. ಮಗುವಿನ ಲಸಿಕೆ ಬರೆಯುವ ತಾಯಿ ಕಾರ್ಡಿನ ಅದೇ ಪುಟದಲ್ಲಿ ತಾಯಿಯ ಸಕ್ಕರೆಗೂ ಒಂದು ಸಾಲು ಜಾಗ ಬೇಕು.